ಇಪ್ಪತ್ತೈದನೆಯ ಸೀಸೆ

ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಜೀವವಿಜ್ಞಾನ ವಿಭಾಗದ ಬಾಗಿಲು ತೆರೆದ ಸಂಶೋಧನಾ ವಿದ್ಯಾರ್ಥಿನಿಯ ಕಾಲು ನೀರಿಗೆ ಬಿತ್ತು. ದೊಡ್ಡ ಫ್ರೀಜರಿನ ಪ್ಲಗ್ ಕಿತ್ತು ನೆಲದ ಮೇಲೆ ಬಿದ್ದಿತ್ತು. ಒಳಗೆ ಹನ್ನೊಂದು ವರ್ಷದಿಂದ ಕಾಪಾಡಿಕೊಂಡು ಬಂದ ಎರಡು ಸಾವಿರ ರಕ್ತದ ಮಾದರಿಗಳು—ನರಗಳನ್ನು ಮೆಲ್ಲಗೆ ಕೊಲ್ಲುವ ರೋಗ ತಗುಲಿದವರು ಕೊಟ್ಟದ್ದು—ಕರಗಿ ಕೆಟ್ಟುಹೋಗಿದ್ದವು. ಕೊಟ್ಟವರಲ್ಲಿ ಬಹಳ ಮಂದಿ ಈಗಿಲ್ಲ.

ಸಂಸ್ಥೆಯ ಭದ್ರತಾಧಿಕಾರಿ ಹಿಂದೆ ಪೊಲೀಸಿನಲ್ಲಿದ್ದವನು. ಮೊದಲು ಕೆಳಮಹಡಿಯ ಭೌತವಿಜ್ಞಾನಿಯನ್ನು ಕರೆದ.

"ಈ ಕೋಣೆ ನಿಮಗೆ ಬೇಕಿತ್ತಂತೆ?"

"ಬೇಕಿತ್ತು. ಅದಕ್ಕಿಂತ ಆ ಮಾದರಿಗಳು ಬೇಕಿತ್ತು. ಮುಂದಿನ ವಾರ ನನ್ನ ಹೊಸ ಯಂತ್ರದಲ್ಲಿ ಪರೀಕ್ಷೆ ಮಾಡೋರಿದ್ವಿ."

"ಅದರಲ್ಲಿ ಏನು ಗೊತ್ತಾಗುತ್ತೆ?"

"ರಕ್ತ ಯಾವಾಗಲಾದ್ರೂ ಕರಗಿ ಮತ್ತೆ ಹೆಪ್ಪುಗಟ್ಟಿತ್ತಾ—ಅದೂ ಗೊತ್ತಾಗುತ್ತೆ."

ಮಧ್ಯಾಹ್ನ ರಸಾಯನವಿಜ್ಞಾನಿ ಅವಸರದಲ್ಲಿ ಬಂದ. ತನ್ನ ಫ್ರೀಜರಿನಲ್ಲಿ ಯಾರದೋ ಡಬ್ಬಿ ಇದೆ ಎಂದು ತಂದು ತೋರಿಸಿದ. ಮೇಲೆ ವಿದ್ಯಾರ್ಥಿನಿಯ ಅಕ್ಷರ.

ಎಲ್ಲರೂ ಅವಳತ್ತ ತಿರುಗಿದರು.

"ನಿಂದೊಂದೇ ಹೇಗೆ ಉಳೀತು?" ಅಧಿಕಾರಿ ಕೇಳಿದ.

"ಗೊತ್ತಿಲ್ಲ ಸರ್. ನಾನು ಅಲ್ಲಿ ಇಟ್ಟಿಲ್ಲ."

"ಡಬ್ಬೀಲಿ ಎಷ್ಟು ಸೀಸೆ?"

"ಇಪ್ಪತ್ನಾಲ್ಕು. ಈ ವರ್ಷ ಮನೆ ಮನೆಗೆ ಹೋಗಿ ತಂದಿದ್ದು."

"ಅವಳನ್ನ ಬಿಟ್ಟುಬಿಡಿ," ಎಂದರು ವಿಭಾಗದ ಮುಖ್ಯಸ್ಥೆ, ಎಲ್ಲರ ಪಾಲಿನ ಮೇಡಂ. ಅವರ ದನಿ ಕುಗ್ಗಿತ್ತು.

ಅಧಿಕಾರಿ ಹಳೆಯ ದಾಖಲೆ ಪುಸ್ತಕ ತರಿಸಿದ. ಮೊದಲ ಪುಟ ಓದಿ, ಡಬ್ಬಿಯನ್ನು ಹತ್ತಿರ ಎಳೆದುಕೊಂಡ.

"ಡಬ್ಬಿ ಎಲ್ಲರೂ ನೋಡಿದ್ರಿ, ಯಾರೂ ಎಣಿಸಲಿಲ್ಲ," ಎಂದ. "ಇದರಲ್ಲಿ ಇಪ್ಪತ್ತೈದು ಸೀಸೆ ಇದೆ. ಹೆಚ್ಚಿಗೆ ಇರೋ ಆ ಒಂದು ಸೀಸೆ ಮೇಲೆ ಹೆಸರಿಲ್ಲ, ಒಂದು ಅನ್ನೋ ಅಂಕಿ ಅಷ್ಟೇ. ಒಂದನೇ ಮಾದರಿ ಯಾರದು? ಪುಸ್ತಕ ಹೇಳುತ್ತೆ—ಮೇಡಂ ಅವರ ಅಕ್ಕಂದು. ಎರಡು ಸಾವಿರದಲ್ಲಿ ಇದನ್ನೇ ಹುಡುಕಿ ಉಳಿಸೋರು ಬೇರೆ ಯಾರು? ಪ್ಲಗ್ ಕಿತ್ತಿದ್ದು ನೀವು, ಮೇಡಂ."

ಮೇಡಂ ಅಲ್ಲಗಳೆಯಲಿಲ್ಲ.

"ಆರು ವರ್ಷದ ಹಿಂದೆ ಅಕ್ಕ ತೀರಿಹೋದ ವಾರ ಇಲ್ಲಿ ಕರೆಂಟ್ ಹೋಗಿತ್ತು. ನಾನು ಆಸ್ಪತ್ರೇಲಿದ್ದೆ. ಬಂದು ನೋಡಿದ್ರೆ ಎಲ್ಲಾ ಕರಗಿತ್ತು. ಮತ್ತೆ ಹೆಪ್ಪುಗಟ್ಟಿಸಿ ಬಾಯಿ ಮುಚ್ಚಿಕೊಂಡೆ. ಅಲ್ಲಿಂದೀಚೆಗೆ ನಾಲ್ಕು ಜನ ಅದರ ಮೇಲೇ ಪಿಎಚ್‌ಡಿ ಮಾಡಿದ್ರು. ಯಂತ್ರಕ್ಕೆ ಹಾಕಿದ್ರೆ ಗುಟ್ಟು ರಟ್ಟಾಗ್ತಿತ್ತು. ಈಗಲೇ ಕರಗಿತು ಅಂತಾದ್ರೆ ಹಳೇದನ್ನ ಯಾರು ಕೇಳ್ತಾರೆ ಅಂದ್ಕೊಂಡೆ."

"ಅಕ್ಕನ ರಕ್ತಾನೂ ಆಗಲೇ ಕೆಟ್ಟಿತ್ತಲ್ಲ?" ಎಂದ ಅಧಿಕಾರಿ.

"ಕೆಟ್ಟಿತ್ತು. ಬಿಟ್ಟು ಬರೋಕಾಗಲಿಲ್ಲ."

ವಿದ್ಯಾರ್ಥಿನಿ ಗೋಡೆಗೊರಗಿ ನಿಂತಿದ್ದಳು. "ನಂದು ಯಾಕೆ ಉಳಿಸಿದ್ರಿ, ಮೇಡಂ?"

"ಕರೆಂಟ್ ಹೋದ ಮೇಲೆ ಹೊಸದಾಗಿ ತಂದಿದ್ದು ನಿಂದೊಂದೇ, ಅವು ಚೆನ್ನಾಗಿದ್ವು. ನೀನಾದ್ರೂ ಮುಗಿಸಲಿ ಅಂತ."

"ಹೋಲಿಸೋದಕ್ಕೆ ಹಳೇದೊಂದೂ ಇಲ್ಲ. ಇವನ್ನಿಟ್ಟುಕೊಂಡು ಏನು ಮುಗಿಸಲಿ?" ಅವಳ ದನಿ ಏರಲಿಲ್ಲ. "ರಕ್ತ ಕೊಟ್ಟವರ ಮನೆಯಿಂದ ವಾರ ವಾರ ಫೋನ್ ಬರುತ್ತೆ. ಏನಾದ್ರೂ ಗೊತ್ತಾಯ್ತಾ ಅಂತಾರೆ. ಅವರಿಗೆ ಏನು ಹೇಳಲಿ?"

ಅಧಿಕಾರಿ ಪುಸ್ತಕ ಮುಚ್ಚಿ ಕಿಟಕಿಯತ್ತ ತಿರುಗಿಕೊಂಡ.