ಜೀವನಾಂಶ ರದ್ದು ಮಾಡಿಸಲು ಬಂದ ಗಂಡ

"ಏಳು ವರ್ಷ ಆದಮ್ಯಾಲೆ ಮುಖ ತೋರಿಸಿದಿ... ಅದೂ ಕೋರ್ಟಿನಾಗ!"

ಬಳ್ಳಾರಿ ಕೋರ್ಟಿನ ಪಡಸಾಲೆಯಲ್ಲಿ ಉಚ್ಚೆಂಗೆಮ್ಮ ಕೈಯ ನೋಟೀಸನ್ನು ಮುಂದೆ ಚಾಚಿದಳು. ಎದುರಿಗೆ ಗಂಡ ಜಡೆಪ್ಪ. ಮಗಳು ಹೊನ್ನೂರಮ್ಮನಿಗೆ ತಿಂಗಳಿಗೆ ಎಂಟು ರೂಪಾಯಿ ಜೀವನಾಂಶ ಕೊಡಬೇಕೆಂದು ಇದೇ ಕೋರ್ಟು ಹೇಳಿತ್ತು. ಅದನ್ನು ರದ್ದು ಮಾಡಿರೆಂದು ಈಗ ಅವನ ಅರ್ಜಿ.

1953ರ ನವೆಂಬರ್. ತಿಂಗಳ ಹಿಂದಷ್ಟೇ ಜಿಲ್ಲೆ ಪಾಲಾಗಿತ್ತು. ಅವಳ ಸಿರುಗುಪ್ಪ ಮೈಸೂರಿಗೆ, ಅವನು ಹತ್ತಿ ಮಿಲ್ಲಿನಲ್ಲಿ ದುಡಿಯುತ್ತಿದ್ದ ಆದೋನಿ ಆಂಧ್ರಕ್ಕೆ. ಗಂಡ ಹೆಂಡತಿ ಬೇರೆಯಾದ ಏಳು ವರ್ಷಕ್ಕೆ ಸರ್ಕಾರಕ್ಕೂ ಅದೇ ಬುದ್ಧಿ ಬಂದಿತ್ತು.

ರೂಪಾಯಿ ಹೋದರೆ ಹೋಗಲಿ. ಭತ್ತ ನಾಟಿ ಮಾಡಿ ಮಗಳನ್ನು ಸಾಕುವ ಕಸುವು ಅವಳಿಗಿತ್ತು. ಆದರೆ ಮನಿಯಾರ್ಡರಿನ ಚೀಟಿಯಲ್ಲಿ ಅವನು ಬರೆಸುತ್ತಿದ್ದ ಆ ಒಂದು ಸಾಲು... 'ಇಬ್ಬರೂ ಆರಾಮ ಇದ್ದೀರೆಂದು ತಿಳಿದಿದ್ದೇನೆ.' ಅದನ್ನು ಪೋಸ್ಟ್‌ಮನ್ನನಿಂದ ಎರಡು ಸಲ ಓದಿಸುತ್ತಿದ್ದಳು. ಒಮ್ಮೆ ಮಗಳಿಗೆಂದು, ಇನ್ನೊಮ್ಮೆ ಸರಿಯಾಗಿ ಕೇಳಿಸಲಿಲ್ಲವೆಂದು.

ಇನ್ನು ಅದೂ ಇಲ್ಲ!

"ಯಾರಾಕಿ? ಆದೋನಿಯಾಕೀನ?"

"ಯಾರು?"

"ಹೊಸಾಕಿ! ಮಗಳ ಪಾಲು ಈಗ ಆಕಿಗೆ ಬೇಕಾತೇನು?"

"ಲೇ, ತಲಿ ಕೆಟ್ಟೈತೇನು ನಿಂಗ? ಆದೋನಿ ಬಿಟ್ಟು ಬಂದೀನಿ. ಇಲ್ಲೇ ಬಳ್ಳಾರಿ ಹತ್ರ, ಕುರುಗೋಡಿನಾಗ ಕೆಲಸ ಹಿಡಿದೀನಿ."

"ಮತ್ತ ಈ ಅರ್ಜಿ?"

ಜಡೆಪ್ಪ ಟವೆಲ್ಲಿನಿಂದ ಬೆವರು ಒರೆಸಿಕೊಂಡ. "ಬ್ಯಾರೆ ಇದ್ದಾರಂತ ಕೋರ್ಟಿನ ಹುಕುಂ ಐತಲ್ಲ... ಅದು ಇರೋತನಕ ಒಂದ ಮನ್ಯಾಗ ಇದ್ರ ಜೇಲಿಗೆ ಹಾಕ್ತಾರಂತ ತಿಳ್ಕೊಂಡಿದ್ದೆ. ಮೊದಲು ಅದನ್ನ ತೆಗೆಸಿ, ಆಮ್ಯಾಲೆ ನಿನ್ನ ಕರೀಬೇಕಂತ..."

ಪಕ್ಕದಲ್ಲಿದ್ದ ಅವನ ವಕೀಲರು ಬಾಯಿಯ ಎಲೆ ಅಡಿಕೆ ನುಂಗಿಬಿಟ್ಟರು. "ನಂಗೂ ಹೇಳಲಿಲ್ಲಲ್ಲಪ್ಪ! ರದ್ದು ಮಾಡಿಸ್ರಿ ಅಂದಿ, ಅಷ್ಟ! ಹೆಂಡ್ತಿ ಕೂಡ ಇರಾಕ ಕೋರ್ಟಿನ ಅಪ್ಪಣಿ ಬೇಕಿಲ್ಲೋ, ಆಕಿ ಅಪ್ಪಣಿ ಬೇಕು!"

ಪಡಸಾಲೆ ನಕ್ಕಿತು. ಉಚ್ಚೆಂಗೆಮ್ಮ ನಗಲಿಲ್ಲ.

ಹೆಣ್ಣು ಹೆತ್ತವಳೆಂದು ಅತ್ತೆ ಹೊಸಿಲಾಚೆ ತಳ್ಳಿದ ದಿನ ಇವನು ತುಟಿ ಬಿಚ್ಚಿರಲಿಲ್ಲ. ಇವತ್ತೂ ಮಾತಾಡಿದ್ದು ಅರ್ಜಿಯೇ!

"ನಿಮ್ಮವ್ವ ದೂಡಿದಾಗ ಕಂಬದಾಂಗ ನಿಂತಿದ್ದಿ. ನಾ ಬರಬೇಕಂದ್ರ ಇವತ್ತರ ಬಾಯಿ ಬಿಡು."

ಗುಮಾಸ್ತನ ಟೈಪ್‌ರೈಟರ್ ನಿಂತಿತು. ಇಷ್ಟು ಜನ ಸಾಕ್ಷಿಗಳು ಯಾವ ಖಟ್ಲೆಗೂ ಸೇರಿರಲಿಲ್ಲ.

"ತಪ್ಪಾತು," ಎಂದ ಜಡೆಪ್ಪ. ಆಮೇಲೆ ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ... "ಅವತ್ತ ಅಡ್ಡ ನಿಂದರಬೇಕಾಗಿತ್ತು, ನಿಂದರಲಿಲ್ಲ. ನಿಮ್ಮಿಬ್ಬರನ್ನ ಬಿಟ್ಟು ಇರಾಕ ಆಗವಲ್ದು, ಉಚ್ಚೆಂಗಿ!"

"ನಿಮ್ಮವ್ವ ಮತ್ತ ಅಂದ್ರ?"

"ಇದು ಉಚ್ಚೆಂಗಿ ಮನಿ, ನೀ ಸುಮ್ಮನಿರು ಅಂತೀನಿ. ಹೇಳೇ ಬಂದೀನಿ."

ಅವಳು ಸೆರಗಿನಿಂದ ಕಣ್ಣೊರೆಸಿ ಮೆಟ್ಟಿಲಿಳಿದಳು. ಅವನೂ ಇಳಿದ.

"ಮಗಳಿಗೆ ನನ್ನ ಗುರ್ತು ಸಿಗತೈತೇನು?"

"ಆಕಿ ಮೂಗು ನಿಂದ ಐತಿ. ದಿನಾ ಅದನ್ನ ಬೈದೀನಿ."

"ಬೈದೀಯಾ?"

"ಹ್ಞೂ..." ಅವಳು ಮುಖ ತಿರುಗಿಸಿಕೊಂಡಳು. "ಮುದ್ದು ಕೊಟ್ಟು ಬೈದೀನಿ."