ನಾಲ್ಕನೇ ನಂಬರಿನ ಬೆರಳು

ಲ್ಯಾಬಿನ ದಪ್ಪ ಬಾಗಿಲು ಬೆನ್ನ ಹಿಂದೆ ಮುಚ್ಚಿಕೊಂಡಾಗಲೇ ವಾಸಪ್ಪನಿಗೆ ಅನಿಸಿತು, ಒಳಗೆ ಬಂದು ತಪ್ಪು ಮಾಡಿದೆ ಎಂದು. ಬಾಗಿಲಿಗೆ ಹಿಡಿಯೇ ಇರಲಿಲ್ಲ. ಪಕ್ಕದ ಗೋಡೆಯಲ್ಲಿ ಬೆಂಕಿಪೆಟ್ಟಿಗೆಯಷ್ಟು ಗಾಜು, ಅದಕ್ಕೆ ಬೆರಳು ಒತ್ತಿದರೆ ಮಾತ್ರ ತೆರೆಯುವುದು. ಇಪ್ಪತ್ತೆರಡು ವರ್ಷ ಮುಳ್ಳೇರಿಯದಲ್ಲಿ ಆಟೋ ಓಡಿಸಿದ ವಾಸಪ್ಪನ ಬೆರಳಿಗೆ ಅಲ್ಲಿ ಕಾಸಿನ ಬೆಲೆ ಇರಲಿಲ್ಲ.

"ನಾಲ್ಕು ಗಂಟೆಗೆ ಕೊಚ್ಚಿಯಿಂದ ಆಫೀಸರ್ ಬರುತ್ತಾರೆ," ಎಂದರು ಅಲ್ಲಿಯ ಮುಖ್ಯ ವಿಜ್ಞಾನಿ ಡಾಕ್ಟರ್ ಈಶ್ವರಪ್ರಸಾದ. "ಅಲ್ಲಿವರೆಗೆ ಯಾರೂ ಹೊರಗೆ ಹೋಗುವ ಹಾಗಿಲ್ಲ. ನಾನೂ ಸೇರಿ. ನಿಮ್ಮ ಫೋನ್ ಈ ಪೆಟ್ಟಿಗೆಯಲ್ಲಿ ಹಾಕಿ."

ವಾಸಪ್ಪ ಫೋನ್ ಕೈಬಿಡಲು ಹಿಂದೆ ಮುಂದೆ ನೋಡಿದ. "ತಿಂಗಳ ಕೊನೆ ಸಾರ್. ರೇಶನ್ ಅಂಗಡಿಯಿಂದ ತಂಗಿಯ ಒಟಿಪಿ ನಂಬರು ಬರುವುದು ನನ್ನ ಫೋನಿಗೆ," ಎಂದ.

"ರೇಶನ್ ನಾಳೆ ತರುವ. ಹಾಕು ಮಾರಾಯ," ಎಂದರು ವಸುಮತಿ ಟೀಚರ್, ತಮ್ಮ ಫೋನನ್ನು ಮೊದಲು ಹಾಕಿ.

ವಸುಮತಿ ಟೀಚರೆಂದರೆ ಮುಳ್ಳೇರಿಯದ ಸುತ್ತಮುತ್ತ ಯಾರಿಗೂ ಪರಿಚಯ ಹೇಳಬೇಕಾಗಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಈಗ ಊರಿನಲ್ಲಿ ಏನು ಕಳೆದರೂ, ಯಾರು ಕಾಣೆಯಾದರೂ, ಜನ ಮೊದಲು ಅವರ ಜಗಲಿ ಹತ್ತುತ್ತಾರೆ, ಆಮೇಲೆ ಪೊಲೀಸ್ ಸ್ಟೇಶನ್. ಎಲ್ಲಿಗೆ ಹೋಗುವುದಿದ್ದರೂ ಅವರಿಗೆ ವಾಸಪ್ಪನ ಆಟೋವೇ ಆಗಬೇಕು. ಎಷ್ಟೋ ಕೇಸು ಅವನು ಪಕ್ಕದಲ್ಲಿ ನಿಂತು ನೋಡಿದ್ದ. ಆದರೆ ಈ ಸಲ ಅವನು ಅವರ ಜಗಲಿಯಲ್ಲಿ ಕೂತು ಅತ್ತಿದ್ದ, ಗಂಡಸು ಎಂಬ ನಾಚಿಕೆಯನ್ನೂ ಬಿಟ್ಟು. ಟೀಚರೇ ಡಾಕ್ಟರಿಗೆ ಫೋನ್ ಮಾಡಿ ಇಬ್ಬರೂ ಒಳಗೆ ಬರಲು ಒಪ್ಪಿಗೆ ಪಡೆದಿದ್ದರು.

ಯಾಕೆಂದರೆ ಸಿಕ್ಕಿಬಿದ್ದವಳು ಅವನ ತಂಗಿ ಲೋಲಾಕ್ಷಿ.

ಹದಿನೆಂಟು ವರ್ಷ ಗೇರುಬೀಜದ ಫ್ಯಾಕ್ಟರಿಯಲ್ಲಿ ಬೀಜ ಒಡೆದವಳು ಅವಳು. ಹೊಗೆ ಕುಡಿದು ಕೆಮ್ಮು ಹಿಡಿದಾಗ ಇವನೇ ಓಡಾಡಿ ಎರಡು ವರ್ಷದ ಹಿಂದೆ ಈ ಲ್ಯಾಬಿನಲ್ಲಿ ಗುಡಿಸಿ ಒರೆಸುವ ಕೆಲಸ ಕೊಡಿಸಿದ್ದ. ತಂಪು ಕಟ್ಟಡ, ಒಳ್ಳೆಯ ಜನ ಎಂದು ಊರಿಡೀ ಹೇಳಿಕೊಂಡು ಬಂದಿದ್ದ. ಈಗ ನೋಡಿದರೆ ದೇಶದ ಗುಟ್ಟು ಮಾರಿದವಳು ಎಂಬ ಹೆಸರು. ನಾಲ್ಕು ಗಂಟೆಗೆ ಜೀಪು ಹತ್ತಿಸಿದರೆ ಮತ್ತೆ ಯಾವ ಕೋರ್ಟು, ಯಾವ ಜಾಮೀನು, ಅವಳ ಮುಖ ಮತ್ತೆ ಯಾವ ವರ್ಷ ಕಾಣುವುದು ಎಂದು ಹೇಳುವವರಿಲ್ಲ. ತಾನೇ ಕೈಹಿಡಿದು ತಂದು ಈ ಬೋನಿಗೆ ಹಾಕಿದೆನಲ್ಲ ಎಂದುಕೊಂಡ ವಾಸಪ್ಪ.

ಲೋಲಾಕ್ಷಿ ಮೂಲೆಯ ಸ್ಟೂಲಿನಲ್ಲಿ ಕೂತಿದ್ದಳು. ಬೆಳಗ್ಗೆ ಎಂಟರಿಂದ ಅಲ್ಲೇ. ಅಣ್ಣನನ್ನು ನೋಡಿ ಬಾಯಿ ತೆರೆದವಳು ಲ್ಯಾಬಿನ ತಂತ್ರಜ್ಞೆ ಸುಪ್ರೀತಾಳ ಮುಖ ನೋಡಿ ಮತ್ತೆ ಮುಚ್ಚಿಕೊಂಡಳು. ಸುಪ್ರೀತಾ ನೆಲ ನೋಡಿದಳು. ಅವಳೂ ಒಂದು ಕಾಲದಲ್ಲಿ ಟೀಚರ ಕ್ಲಾಸಿನವಳೇ.

ಸಿನಿಮಾದಲ್ಲಿ ಕೇಡಿಗ ವಿಜ್ಞಾನಿ ಅಂದರೆ ಬೋಳು ತಲೆ, ಕಪ್ಪು ಕನ್ನಡಕ, ಕಾರಣವಿಲ್ಲದೆ ನಗು. ಡಾಕ್ಟರ್ ಈಶ್ವರಪ್ರಸಾದರಲ್ಲಿ ಅಂಥದ್ದೇನೂ ಇರಲಿಲ್ಲ. ಪುತ್ತಿಗೆಯ ಕಡೆ ಹುಟ್ಟಿ, ಮೂವತ್ತು ವರ್ಷ ಉತ್ತರದ ಊರುಗಳಲ್ಲಿ ದುಡಿದು ಬಂದ ಮೃದು ಮಾತಿನ ಮನುಷ್ಯ. ಬಲಗೈಯ ಮಣಿಕಟ್ಟಿಗೆ ಬ್ಯಾಂಡೇಜ್ ಸುತ್ತಿಕೊಂಡಿದ್ದರು.

"ಕೈಗೆ ಎಂತ ಆಯ್ತು?" ಎಂದರು ಟೀಚರ್.

"ನಿನ್ನೆ ಬೆಳಗ್ಗೆ ಮೆಟ್ಟಿಲಲ್ಲಿ ಜಾರಿದೆ. ಉಳುಕು." ಅವರು ಅದೇ ಕೈಯಲ್ಲಿ ದೊಡ್ಡ ಕೆಟಲನ್ನು ಎತ್ತಿ ಎಲ್ಲರಿಗೂ ಚಹಾ ಸುರಿದರು. ಕುದಿಯುವ ಚಹಾ. ವಾಸಪ್ಪ ಗ್ಲಾಸು ಮುಟ್ಟಿ ಕೈ ಕೊಡವಿಕೊಂಡ. ಲೋಲಾಕ್ಷಿ ಮಾತ್ರ ಏನೂ ತಿಳಿಯದವಳಂತೆ ಗ್ಲಾಸನ್ನು ಬೆರಳತುದಿಯಲ್ಲಿ ಹಿಡಿದು ಕೂತಳು. ಟೀಚರು ಆ ಬೆರಳುಗಳನ್ನು ನೋಡುತ್ತ ತಮ್ಮ ಚಹಾ ಆರಿಸಿಕೊಂಡರು.

"ಇನ್ನು ಹೇಳಿ," ಎಂದರು.

ಡಾಕ್ಟರು ಹೇಳಿದರು. ಗೇರುಬೀಜದ ಸಿಪ್ಪೆಯ ಸೊನೆಯಿಂದ ಅವರು ಒಂದು ಲೇಪ ಮಾಡಿದ್ದರು. ಅದನ್ನು ಬಳಿದ ಡ್ರೋನು ರಾಡಾರಿನ ಕಣ್ಣಿಗೆ ಬೀಳುವುದಿಲ್ಲ. ಇಸ್ಪೀಟಿನ ಎಲೆಯಷ್ಟು, ಅಷ್ಟೇ ತೆಳ್ಳಗಿನ ಒಂದೇ ಒಂದು ತುಂಡು ತಯಾರಾಗಿತ್ತು. ಇನ್ನೂ ಪೂರಾ ಒಣಗಿರಲಿಲ್ಲ. ಅದನ್ನು ಉಕ್ಕಿನ ಡಬ್ಬಿಯಲ್ಲಿಟ್ಟು ಒಳಕೋಣೆಯಲ್ಲಿ ಇಟ್ಟಿದ್ದರು. ಆ ಕೋಣೆಯೂ ಬೆರಳಿಗೇ ತೆರೆಯುವುದು.

"ಇಂದು ತಪಾಸಣೆಯ ದಿನ. ಬೆಳಗ್ಗೆ ನೋಡಿದರೆ ಡಬ್ಬಿ ಇಲ್ಲ. ಇವಳ ಬಕೆಟಿನಲ್ಲಿ, ಒರೆಸುವ ಬಟ್ಟೆಯಡಿ, ಖಾಲಿ ಡಬ್ಬಿ ಸಿಕ್ಕಿತು. ಯಂತ್ರದ ದಾಖಲೆ ತೆಗೆದೆ. ನಿನ್ನೆ ಮಧ್ಯಾಹ್ನ ಒಂದು ಹನ್ನೆರಡಕ್ಕೆ ನಾಲ್ಕನೇ ನಂಬರಿನ ಬೆರಳು ಒಳಕೋಣೆ ತೆರೆದಿದೆ. ನಾಲ್ಕನೇ ನಂಬರು ಲೋಲಾಕ್ಷಿ. ತುಂಡು ಯಾರ ಕೈ ಸೇರಿತೋ, ಪಾಪ, ಅವಳಿಗೂ ಗೊತ್ತಿರಲಿಕ್ಕಿಲ್ಲ."

"ಒಂದು ಹನ್ನೆರಡಕ್ಕೆ ನೀವೆಲ್ಲಿ?"

"ಹನ್ನೊಂದರಿಂದ ಮೂರರವರೆಗೆ ಕಾಸರಗೋಡಿನಲ್ಲಿ ಮೀಟಿಂಗ್. ಇಪ್ಪತ್ತು ಜನ ಸಾಕ್ಷಿ. ಸುಪ್ರೀತಾ ಪೇಟೆಗೆ ಊಟಕ್ಕೆ ಹೋಗಿದ್ದಳು."

"ನಾನು ಹಿಂದೆ ಮರದಡಿಯಲ್ಲಿ ಬುತ್ತಿ ಉಣ್ತಿದ್ದೆ ಟೀಚರೇ," ಎಂದಳು ಲೋಲಾಕ್ಷಿ. ಯಾರು ನೋಡಿದ್ದಾರೆ ಎಂದು ಕೇಳಿದ್ದಕ್ಕೆ, "ಯಾರೂ ಇಲ್ಲ," ಎಂದಳು. ದನಿ ಬಾವಿಯಿಂದ ಬಂದ ಹಾಗಿತ್ತು.

ವಾಸಪ್ಪ ಗೋಡೆಯ ಕಡೆ ನೋಡಿದ. ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಆ ಕಟ್ಟಡಕ್ಕೆ ಒಂದು ಕಿಟಕಿಯಾದರೂ ಬೇಡವೇ. ಗೋಡೆಗಳು ಹತ್ತಿರ ಬರುತ್ತಿವೆಯೋ ಎನಿಸಿ ಅವನು ಎದ್ದು ಬಾಗಿಲನ್ನು ಭುಜದಿಂದ ಒತ್ತಿ ನೋಡಿದ. ಬಂಡೆ ಒತ್ತಿದ ಹಾಗಾಯಿತು. ಬಾಗಿಲ ಪಕ್ಕದಲ್ಲಿ ಹೊಸ ಸೂಟ್‌ಕೇಸ್ ಒಂದಿತ್ತು, ಹಿಡಿಗೆ ವಿಮಾನದ ಚೀಟಿ ಕಟ್ಟಿತ್ತು.

"ನಾಳೆ ದುಬೈಯಲ್ಲಿ ಸಮ್ಮೇಳನ. ಇನ್ನು ಅದಕ್ಕೆ ಹೋಗುವ ಮನಸ್ಸಾದರೂ ಎಲ್ಲಿ," ಎಂದು ಡಾಕ್ಟರು ನಿಟ್ಟುಸಿರಿಟ್ಟರು. ಬ್ಯಾಂಡೇಜಿನೊಳಗೆ ಪೆನ್ನಿನ ಹಿಂಬದಿ ತೂರಿಸಿ ಒಮ್ಮೆ ಕೆರೆದುಕೊಂಡರು.

ಟೀಚರು ಹೇಳಿದ್ದು ಬೇರೆಯೇ. "ಈ ಎಸಿಯ ಗಾಳಿ ನನ್ನ ಮಂಡಿಗೆ ಆಗುವುದಿಲ್ಲ. ವಾಸಪ್ಪ, ಸ್ವಲ್ಪ ಆರಿಸು."

"ಇಲ್ಲಿ ಉಸಿರುಗಟ್ಟುತ್ತದೆ ಮೇಡಂ," ಎಂದರು ಡಾಕ್ಟರು.

"ವಯಸ್ಸಾದವಳು, ಕ್ಷಮಿಸಬೇಕು."

ವಾಸಪ್ಪನಿಗೆ ಸಿಟ್ಟೇ ಬಂತು. ತಂಗಿ ಜೈಲಿಗೆ ಹೋಗುವ ಹೊತ್ತಿನಲ್ಲಿ ಇವರಿಗೆ ಮಂಡಿನೋವು. ಆದರೂ ಎದ್ದು ಆರಿಸಿದ. ಹತ್ತು ನಿಮಿಷಕ್ಕೆ ಕೋಣೆ ಬೀಜ ಹುರಿಯುವ ಬಾಣಲೆಯಂತಾಯಿತು. ಎಲ್ಲರ ಬೆನ್ನಲ್ಲೂ ಬೆವರು ಇಳಿಯಿತು.

ಟೀಚರು ಕೈ ತೊಳೆಯುವ ನೆಪದಲ್ಲಿ ಸುಪ್ರೀತಾಳನ್ನು ಸಿಂಕಿನ ಹತ್ತಿರ ಕರೆದರು. ನಲ್ಲಿ ಬಿಟ್ಟುಕೊಂಡು ಏನೋ ಪಿಸುಗುಟ್ಟಿದರು. ಸುಪ್ರೀತಾ ಮೊದಲು ಇಲ್ಲವೆಂದು ತಲೆ ಅಲ್ಲಾಡಿಸಿದಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಿಂತಿರುಗಿದ ಟೀಚರು ವಾಸಪ್ಪನ ಪಕ್ಕ ಕೂತು, "ನಿನ್ನ ತಂಗಿಯ ರೇಶನಿಗೆ ನಿನ್ನ ಫೋನ್ ಯಾಕೆ?" ಎಂದು ಮೆಲ್ಲನೆ ಕೇಳಿದರು.

"ಅವಳ ಬೆರಳನ್ನು ಅಂಗಡಿಯ ಮೆಷಿನ್ ತೆಗೆದುಕೊಳ್ಳುವುದಿಲ್ಲ ಟೀಚರೇ. ಪ್ರತಿ ತಿಂಗಳೂ ಅದೇ ರಗಳೆ. ಮತ್ತೆ ಫೋನಿಗೆ ನಂಬರು ಬರಬೇಕು."

"ಹಾಗಾದರೆ ಇಲ್ಲಿಯ ಮೆಷಿನ್?"

"ಅದು ಅಂಗಡಿಯದ್ದಲ್ಲವಾ. ಇದು ಲಕ್ಷಗಟ್ಟಲೆಯದ್ದು, ಇದಕ್ಕೆ ಆಗ್ತದೆ ಅಂತ ನಾನು..." ವಾಸಪ್ಪ ಮಾತು ಮುಗಿಸಲಿಲ್ಲ. ಟೀಚರು ಅವನ ಮೊಣಕೈ ಅದುಮಿ ಸುಮ್ಮನಿರಿಸಿದರು.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಗೇಟಿನ ಕಾವಲಿನವನ ಬೆರಳಿಗೆ ಬಾಗಿಲು ತೆರೆದುಕೊಂಡಿತು. ಕೊಚ್ಚಿಯ ಆಫೀಸರ್ ವಿನೀತ್ ಒಳಗೆ ಕಾಲಿಟ್ಟವನೇ ಮುಖ ಒರೆಸಿಕೊಂಡ. ಅವನ ಹಿಂದೆ ಇಬ್ಬರು ಮಹಿಳಾ ಪೊಲೀಸರು. ಬಾಗಿಲು ಮತ್ತೆ ಮುಚ್ಚಿತು. ಲೋಲಾಕ್ಷಿ ತಾನಾಗಿಯೇ ಎದ್ದು ನಿಂತಳು. ಅದನ್ನು ನೋಡಿ ವಾಸಪ್ಪನೂ ಎದ್ದು ಅವಳಿಗೆ ಅಡ್ಡ ನಿಂತ.

"ಹತ್ತು ನಿಮಿಷ ಕೊಡಿ ಸಾರ್," ಎಂದರು ಟೀಚರ್. "ಎಲ್ಲರೂ ಕೂತುಕೊಳ್ಳಿ. ಲೋಲಾಕ್ಷಿ, ನೀನು ಮಾತ್ರ ಬಾ. ಒಳಕೋಣೆಯ ಬಾಗಿಲಿಗೆ ಬೆರಳು ಒತ್ತು."

ಲೋಲಾಕ್ಷಿ ಸುಪ್ರೀತಾಳ ಕಡೆ ನೋಡಿದಳು. ಸುಪ್ರೀತಾ ಆಗಲಿ ಎಂದು ತಲೆಯಾಡಿಸಿದಳು. ಲೋಲಾಕ್ಷಿ ಒತ್ತಿದಳು. ಯಂತ್ರ ಕೆಂಪು ದೀಪ ತೋರಿಸಿ ಗುರ್ ಎಂದಿತು. ಇನ್ನೊಂದು ಬೆರಳು. ಮತ್ತೆ ಕೆಂಪು. ಹತ್ತೂ ಬೆರಳು ಮುಗಿದವು.

"ಬೆವರಿನ ಕೈ," ಎಂದರು ಡಾಕ್ಟರು. "ಈ ಸೆಕೆಗೆ ಯಾರ ಬೆರಳೂ ಆಗುವುದಿಲ್ಲ."

"ಸುಪ್ರೀತಾ, ನೀನು ಒತ್ತು."

ಸುಪ್ರೀತಾಳ ಕೈಯೂ ಒದ್ದೆಯಾಗಿತ್ತು. ಹಸಿರು ದೀಪ ಹತ್ತಿತು, ಬಾಗಿಲು ತೆರೆಯಿತು.

ಟೀಚರು ಲೋಲಾಕ್ಷಿಯ ಅಂಗೈ ತಿರುಗಿಸಿ ಆಫೀಸರಿಗೆ ತೋರಿಸಿದರು. "ಹದಿನೆಂಟು ವರ್ಷ ಗೇರುಬೀಜ ಒಡೆದ ಕೈ ಇದು. ಸೊನೆ ಗೆರೆಗಳನ್ನೆಲ್ಲ ತಿಂದುಬಿಟ್ಟಿದೆ. ಕುದಿಯುವ ಚಹಾದ ಗ್ಲಾಸು ಹಿಡಿದಾಗಲೇ ನನಗೆ ಅನುಮಾನ ಬಂತು. ರೇಶನ್ ಅಂಗಡಿಯ ಕತೆ ಇವಳ ಅಣ್ಣ ಹೇಳಿದ. ಮತ್ತೆ ಎರಡು ವರ್ಷ ಇವಳು ಆ ಕೋಣೆಗೆ ಹೋಗಿ ಒರೆಸಿದ್ದು ಹೇಗೆ? ಸುಪ್ರೀತಾ, ನೀನೇ ಹೇಳು."

"ನಾನೇ ತೆಗೆದುಕೊಡುತ್ತಿದ್ದೆ," ಎಂದಳು ಸುಪ್ರೀತಾ. "ಮೊದಲ ದಿನ ನೋಂದಣಿ ಮಾಡುವಾಗಲೇ ಇವಳ ಬೆರಳು ಬರಲಿಲ್ಲ. ಬರದಿದ್ದರೆ ಕೆಲಸ ಇಲ್ಲ ಅಂತ ರೂಲ್ಸ್. ಪಾಪ ಅನಿಸಿತು. ನಾಲ್ಕನೇ ನಂಬರಿಗೆ ಹೆಸರು ಮಾತ್ರ ಹಾಕಿದೆ, ಬೆರಳು ಹಾಕಲಿಲ್ಲ. ಗೇಟಿನವರಿಗೂ ಗೊತ್ತುಂಟು, ಹಾಲು ತರುವವರಿಗೂ ಗೊತ್ತುಂಟು. ಸಾರ್‌ಗೆ ಮಾತ್ರ ಹೇಳಿರಲಿಲ್ಲ. ಹೇಳಿದರೆ ಇಬ್ಬರ ಕೆಲಸವೂ ಹೋಗ್ತದೆ, ಜೈಲೂ ಆಗ್ತದೆ ಅಂತ ಹೆದರಿಕೆ."

"ಇವಳು ಬಾಯಿ ಬಿಡದೆ ಕೂತದ್ದೂ ಅದಕ್ಕೇ, ಸುಪ್ರೀತಾ ಸಿಕ್ಕಿಬೀಳಬಾರದು ಅಂತ," ಎಂದರು ಟೀಚರ್. "ಆಫೀಸರೇ, ಯಂತ್ರ ತೆರೆದು ನೋಡಿ."

ವಿನೀತ್ ಕಂಪ್ಯೂಟರಿನ ಮುಂದೆ ಕೂತು ಸ್ವಲ್ಪ ಹೊತ್ತು ಕೀಲಿ ಒತ್ತಿದ. "ಸರಿ ಉಂಟು," ಎಂದ ತನ್ನ ಮಲಯಾಳದ ರಾಗದಲ್ಲಿ. "ನಾಲ್ಕನೇ ನಂಬರಿನಲ್ಲಿ ಹೆಸರುಂಟು, ಬೆರಳಿಲ್ಲ."

"ಇಲ್ಲದ ಬೆರಳು ನಿನ್ನೆ ಒಂದು ಹನ್ನೆರಡಕ್ಕೆ ಬಾಗಿಲು ತೆರೆಯಿತಂತೆ. ಅಂದರೆ ಆ ಸಾಲನ್ನು ಯಾರೋ ಕೂತು ಬರೆದದ್ದು. ಇವಳ ಬೆರಳಿನ ಸಂಗತಿ ಗೊತ್ತಿದ್ದವರು ಅದನ್ನು ಬರೆಯುವುದಿಲ್ಲ. ಈ ಕಟ್ಟಡಕ್ಕೆ ಬಂದುಹೋಗುವವರಲ್ಲಿ ಗೊತ್ತಿಲ್ಲದಿದ್ದವರು ಒಬ್ಬರೇ." ಟೀಚರು ತಿರುಗಿದರು. "ಎರಡು ವರ್ಷ ನಿಮ್ಮ ಮೇಜು ಒರೆಸಿದವಳ ಕೈಯನ್ನು ನೀವು ಒಮ್ಮೆಯೂ ನೋಡಲಿಲ್ಲ ಡಾಕ್ಟರೇ. ಗೇರುಸೊನೆಯಲ್ಲೇ ಸಂಶೋಧನೆ ಮಾಡಿದವರು ನೀವು."

ಡಾಕ್ಟರ ಮೃದು ನಗು ಮಾಸಲಿಲ್ಲ. "ಯಂತ್ರ ಕೆಟ್ಟಿರಬಹುದು. ತುಂಡೆಲ್ಲಿ? ನನ್ನ ಪೆಟ್ಟಿಗೆ, ಮನೆ, ಎಲ್ಲ ಹುಡುಕಿ."

"ಅಲ್ಲೆಲ್ಲ ಹುಡುಕುತ್ತಾರೆಂದು ನಿಮಗೆ ಗೊತ್ತಿತ್ತು. ಉಳುಕಿದ ಕೈಯ ಕಟ್ಟು ಯಾರು ಬಿಚ್ಚುತ್ತಾರೆ?" ಎಂದರು ಟೀಚರ್. "ಉಳುಕಿದ ಕೈಯಲ್ಲಿ ಅಷ್ಟು ದೊಡ್ಡ ಕೆಟಲ್ ಎತ್ತಿದಿರಿ. ಅದಿರಲಿ. ಉಳುಕಿದರೆ ನೋಯುತ್ತದೆ, ತುರಿಸುವುದಿಲ್ಲ. ನೀವು ಪೆನ್ನು ಹಾಕಿ ಕೆರೆದುಕೊಂಡಾಗ ಎಸಿ ಆರಿಸಿದೆ. ನನ್ನ ಮಂಡಿಗೆ ಎಂತದೂ ಇಲ್ಲ. ಹಸಿ ಸೊನೆ ಬೆವರಿಗೆ ಇಳಿದರೆ ಯಾವ ಪ್ಲಾಸ್ಟಿಕ್ ಸುತ್ತಿದರೂ ಚರ್ಮ ಸುಮ್ಮನಿರುವುದಿಲ್ಲ. ಒಂದು ಗಂಟೆಯಿಂದ ನೀವು ಕೈಯನ್ನು ತೊಡೆಯಡಿ ಒತ್ತಿಕೊಂಡು ಕೂತಿದ್ದೀರಿ."

ಆಗ ವಾಸಪ್ಪ ನೋಡಿದ. ಹೌದು, ಡಾಕ್ಟರ ಬಲಗೈ ತೊಡೆಯಡಿಯಲ್ಲಿತ್ತು. ಕತ್ತಿನ ನರ ಬಿಗಿದಿತ್ತು.

ವಿನೀತ್ ಬ್ಯಾಂಡೇಜ್ ಬಿಚ್ಚಿದ. ಸುತ್ತು ಸುತ್ತಾಗಿ ಬಟ್ಟೆ ಬಿತ್ತು, ಕೊನೆಗೆ ಪ್ಲಾಸ್ಟಿಕ್ಕಿನಲ್ಲಿ ಮಡಿಸಿದ ಕಪ್ಪು ತುಂಡು ಬಿತ್ತು. ಅಡಿಯ ಚರ್ಮ ಕೆಂಪಾಗಿ ಬೊಬ್ಬೆ ಎದ್ದಿತ್ತು.

"ಮೂವತ್ತು ವರ್ಷ," ಎಂದರು ಈಶ್ವರಪ್ರಸಾದ. ದನಿ ಮೊದಲ ಸಲ ಒರಟಾಗಿತ್ತು. "ಮಾಡಿದ ಯಾವುದಕ್ಕೂ ಹೆಸರು ಹಾಕುವ ಹಾಗಿಲ್ಲ, ಎಲ್ಲ ಗುಟ್ಟು. ದುಬೈಯವರು ನನ್ನ ಹೆಸರಿನಲ್ಲೇ ಲ್ಯಾಬ್ ಕಟ್ಟಿಕೊಡುತ್ತೇವೆ ಅಂದರು. ಸೂತ್ರ ನನ್ನ ತಲೆಯಲ್ಲಿತ್ತು, ಆದರೆ ಬರೀ ಮಾತನ್ನು ಯಾರು ನಂಬುತ್ತಾರೆ? ತುಂಡು ಬೇಕಿತ್ತು. ಮೀಟಿಂಗಿಗೆ ಹೋಗುವ ಮೊದಲು ತೆಗೆದೆ, ಸಂಜೆ ದಾಖಲೆ ತಿದ್ದಿದೆ."

"ಇವಳ ಹೆಸರು ಯಾಕೆ ಹಾಕಿದಿರಿ?" ಎಂದು ಕೇಳಿದವನು ವಾಸಪ್ಪ. ಅಷ್ಟು ಹೊತ್ತು ಅದುಮಿಟ್ಟದ್ದೆಲ್ಲ ಆ ಮಾತಿನಲ್ಲಿ ಬಂತು.

ಡಾಕ್ಟರು ಅವನನ್ನು ನೋಡಿದರು, ಲೋಲಾಕ್ಷಿಯನ್ನು ನೋಡಲಿಲ್ಲ. "ಯಾರೂ ಕೇಳಲಿಕ್ಕಿಲ್ಲ ಅಂದುಕೊಂಡೆ," ಎಂದರು.

ಅವರನ್ನು ಕರೆದುಕೊಂಡು ಹೋದರು. ಸುಪ್ರೀತಾಳ ತಪ್ಪನ್ನು ಹೇಗೆ ಬರೆಯಬೇಕೆಂದು ಮೇಲಿನವರನ್ನು ಕೇಳುತ್ತೇನೆಂದ ವಿನೀತ್, ಹೋಗುವಾಗ ಸೂಟ್‌ಕೇಸನ್ನು ಬಾಗಿಲಿಗೆ ಅಡ್ಡ ಇಟ್ಟು ಅದು ಮುಚ್ಚದಂತೆ ಮಾಡಿದ. ಹೊರಗಿನ ಬೆಳಕು ನೆಲದ ಮೇಲೆ ಉದ್ದಕ್ಕೆ ಬಿತ್ತು. ವಾಸಪ್ಪ ಪೆಟ್ಟಿಗೆಯಿಂದ ಫೋನ್ ತೆಗೆದುಕೊಂಡು, ಟೀಚರ ಹಿಂದೆಯೇ ಅಂಗಳಕ್ಕಿಳಿದು ಎದೆ ತುಂಬ ಉಸಿರೆಳೆದುಕೊಂಡ.

ತಿರುಗಿ ನೋಡಿದರೆ ತಂಗಿ ಬಂದಿರಲಿಲ್ಲ. ಬಾಗಿಲು ಹಾರು ಹೊಡೆದಿತ್ತು. ಆದರೂ ಅವಳು ಹೊಸಿಲಿನ ಒಳಗೆ, ಆ ಗಾಜಿನ ಪಕ್ಕ, ಎರಡು ವರ್ಷದಿಂದ ನಿಂತ ಜಾಗದಲ್ಲೇ ಕೈಕಟ್ಟಿ ನಿಂತಿದ್ದಳು, ಯಾರಾದರೂ ಬಂದು ಬೆರಳು ಒತ್ತಲಿ ಎಂಬಂತೆ.

ವಾಸಪ್ಪ ಹಿಂತಿರುಗಿ ಹೋದ. ಅವಳ ಕಪ್ಪು, ನುಣುಪು ಬೆರಳುಗಳನ್ನು ತನ್ನ ಕೈಯೊಳಗೆ ಹಿಡಿದ.

"ತೆರೆದೇ ಉಂಟು," ಎಂದ. "ಬಾ, ಮನೆಗೆ ಹೋಗುವ."