ತಾರೀಖು ಬರೆದ ಹಿಮಬಂಡೆಗಳು

"ಇದು ವಿಮಾನದಲ್ಲಿ ಹಿಡಿಸಲ್ಲ," ಎಂದ ಸೆಲ್ಬಿ.

ವೆರ್ನಾಳಿಗೆ ಮೈ ಉರಿದುಹೋಯಿತು. ಮೂರು ತಿಂಗಳು ಕೂತು ಬರೆದ, ಕಡಲಲ್ಲಿ ತೇಲುವ ಹಿಮಬಂಡೆಯ ಬಾಗಿಲಗಲದ ಚಿತ್ರವದು. ಟ್ವಿಲಿಂಗೇಟ್ ಎಂಬ ಕಡಲೂರಿನ ದೋಣಿಕಟ್ಟೆಯಲ್ಲಿ ಹಳೆಯ ಮೀನಿನ ಕೊಟ್ಟಿಗೆಯೊಂದನ್ನು ಬಾಡಿಗೆಗೆ ಹಿಡಿದು ಚಿತ್ರದಂಗಡಿ ತೆರೆದು ಹದಿನೈದು ದಿನವಾಗಿತ್ತು. ಪ್ರವಾಸಿಗರು ಬರುತ್ತಿದ್ದರು, ಚೆನ್ನಾಗಿದೆ ಎನ್ನುತ್ತಿದ್ದರು, ಹೋಗುತ್ತಿದ್ದರು.

"ಬೇಡದಿದ್ರೆ ಬಿಡಿ. ಅಣಕಿಸೋಕೆ ಯಾಕೆ ಬಂದ್ರಿ?"

"ಅಣಕ ಅಲ್ಲ ಕಣ್ರೀ. ದಿನಾ ನಲವತ್ತು ಜನರನ್ನ ದೋಣೀಲಿ ಕರ್ಕೊಂಡು ಹೋಗಿ ಹಿಮಬಂಡೆ ತೋರಿಸ್ತೀನಿ. ವಾಪಸ್ ಬಂದು ನಿಮ್ಮ ಅಂಗಡೀಲಿ ಅವರು ಹುಡುಕೋದು ತಾವು ಕಂಡ ಬಂಡೇನ. ನಿಮ್ಮದು ಹೋದ ವರ್ಷದ್ದು." ಅವನು ಕೈಯಲ್ಲಿದ್ದ ಟೋಪಿಯನ್ನು ಒಂದು ಸುತ್ತು ತಿರುಗಿಸಿದ. "ನಾಳೆ ಒಂಬತ್ತಕ್ಕೆ ಬನ್ನಿ. ಟಿಕೆಟ್ ಬೇಡ."

ಅವನ ಮಾತು ಸುಳ್ಳು ಮಾಡಬೇಕೆಂದೇ ಹೋದಳು. ಅಂಗೈಯಗಲದ ಮೂರು ಹಲಗೆ ಒಯ್ದಿದ್ದಳು. ಅಂದಿನ ಬಂಡೆ ಒಂದು ಕಡೆ ಕುಸಿದ ಸೋಫಾದಂತಿತ್ತು. ಅಲುಗುವ ದೋಣಿಯಲ್ಲೇ ಗೆರೆ ಹಾಕಿ, ಅಂಗಡಿಯಲ್ಲಿ ಬಣ್ಣ ತುಂಬಿ, ಹಿಂಬದಿಗೆ ತಾರೀಖು, ಜಾಗ, ದೋಣಿಯ ಹೆಸರು ಬರೆದಳು. ಸಂಜೆ ಐದಕ್ಕೆ ಮೂರೂ ಖಾಲಿ. "ಈ ಮೂಲೆ ನಮ್ಮ ಕಣ್ಣೆದುರೇ ಬಿತ್ತಲ್ಲ!" ಎಂದು ಟೊರಾಂಟೊದ ಟೀಚರೊಬ್ಬರು ಗಂಡನ ತೋಳು ಹಿಡಿದು ಅಲುಗಾಡಿಸಿದರು.

ಜೂನ್ ಪೂರ್ತಿ ಹೀಗೇ ನಡೆಯಿತು. ಅವಳಿಗೆ ಬೆಳಕು ಸರಿಯಾಗಿ ಬೀಳಲೆಂದು ಸೆಲ್ಬಿ ದೋಣಿ ತಿರುಗಿಸುತ್ತಿದ್ದ.

"ಈ ಕಡೆಯವರಿಗೆ ಏನೂ ಕಾಣಲ್ವಲ್ರೀ!" ಎಂದು ಜನ ಗೊಣಗಿದರೆ, "ಗಾಳಿ ಹಾಗಿದೆ," ಎನ್ನುತ್ತಿದ್ದ.

ಗಾಳಿಯೇ ಇಲ್ಲದ ದಿನವೂ ಹಾಗೆಂದಾಗ ವೆರ್ನಾ ತಲೆಯೆತ್ತಿ ನೋಡಿದಳು. ಅವನ ಕಿವಿ ಕೆಂಪಾಗಿತ್ತು. ಅಂದಿನ ಬಂಡೆಯ ಗೆರೆ ಸೊಟ್ಟಗಾಯಿತು.

ಜುಲೈ ನಡುವೆ ಬಂಡೆಗಳು ಕರಗಿದವು.

"ನಾಳೆಯಿಂದ ತಿಮಿಂಗಿಲ ಮಾತ್ರ," ಎಂದ ಸೆಲ್ಬಿ. "ನೀನು ಬರಲೇಬೇಕು ಅಂತೇನಿಲ್ಲ."

"ಹೌದಲ್ಲ," ಎಂದಳು. ಚಳಿಗಾಲಕ್ಕೆ ಹ್ಯಾಲಿಫ್ಯಾಕ್ಸ್‌ಗೆ ಬರುತ್ತೇನೆಂದು ಅಕ್ಕನಿಗೆ ಹೇಳಿಯೂ ಆಗಿತ್ತು. ಆ ರಾತ್ರಿ ಅವಳಿಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಬರಿಗೈಯಲ್ಲೇ ದೋಣಿ ಹತ್ತಿದಳು. ತಿರುಗಿ ಬಂದು, ಜನರೆಲ್ಲ ಇಳಿದುಹೋದ ಮೇಲೆ ಅವಳೇ ಶುರುಮಾಡಿದಳು.

"ದೋಣಿ ಹತ್ತೋ ಹೆಂಗಸರನ್ನೆಲ್ಲ ಚಿನ್ನಾ ಅಂತೀಯ. ಎಂಬತ್ತು ವರ್ಷದ ಅಜ್ಜೀನೂ ಚಿನ್ನ. ನಾನು ಮಾತ್ರ ಯಾಕೆ ಬರೀ ವೆರ್ನಾ?"

ಸೆಲ್ಬಿ ಕಟ್ಟಿದ್ದ ಹಗ್ಗವನ್ನೇ ಬಿಚ್ಚಿ ಮತ್ತೆ ಕಟ್ಟಿದ.

"ಅವರಿಗೆ ಅಂದ್ರೆ ಅದು ಬರೀ ಮಾತು. ನಿನಗೆ ಅಂದ್ರೆ ಬರೀ ಮಾತಾಗಲ್ಲ. ಅದಕ್ಕೇ ಬಾಯಿ ಬರ್ಲಿಲ್ಲ."

ಅವಳು ಅವನತ್ತ ತಿರುಗಿದಳು.

"ಚಳಿಗಾಲದಲ್ಲಿ ಏನ್ಮಾಡ್ತೀಯ?"

"ಬಲೆ ರಿಪೇರಿ. ಟೀ. ಕಿಟಕಿ ಹತ್ರ ಕೂರೋದು."

"ಕಿಟಕಿ ಯಾವ ಕಡೆಗಿದೆ?"

"ಉತ್ತರಕ್ಕೆ. ಯಾಕೆ?"

"ಚಿತ್ರ ಬರೆಯೋಕೆ ಉತ್ತರದ ಬೆಳಕೇ ಒಳ್ಳೇದು."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಮತ್ತೆ ಹ್ಯಾಲಿಫ್ಯಾಕ್ಸ್?"

"ಅಕ್ಕನಿಗೆ ಫೋನ್ ಮಾಡ್ತೀನಿ. ಬೈತಾಳೆ. ಬೈಲಿ."

ಇಳಿಯಲು ಸೆಲ್ಬಿ ಕೈ ಕೊಟ್ಟ. ಅವಳು ಕಟ್ಟೆಯ ಮೇಲೆ ಕಾಲೂರಿದ ಮೇಲೂ ಅವನು ಆ ಕೈ ಬಿಡಲಿಲ್ಲ.